ನಾಲ್ಕು ಗಂಟೆಯ ಜೀವನಾಂಶ

ಮೂರೂಮುಕ್ಕಾಲು ಆಯಿತೆಂದರೆ ಚಹಾ ಅಂಗಡಿಯ ಬೋರಲಿಂಗ ಬೀದಿಗೆ ಬಂದು, ಬಾಯಿಗೆ ಎರಡೂ ಕೈ ಹಿಡಿದು ಕೂಗುತ್ತಿದ್ದ: “ನಿಲ್ಲೋರೆಲ್ಲ ಬರ್ರಪ್ಪೋ, ಹೊತ್ತಾಯ್ತು!” ನಾನು ಆಗ ಯಾವುದಾದರೂ ಅಂಗಡಿಯ ನೆತ್ತಿಗೆ ಏಣಿ ಹಾಕಿ ಬೋರ್ಡು ಬರೆಯುತ್ತಿರುತ್ತಿದ್ದೆ. ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು, ಬ್ರಷ್ಷನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿ, ಇಳಿದು ಓಡುತ್ತಿದ್ದೆ. ‘ಷಣ್ಮುಖ ಆರ್ಟ್ಸ್’ ಎಂದರೆ ಊರಿನಲ್ಲಿ ಒಳ್ಳೆಯ ಹೆಸರಿದೆ. ಆದರೆ ಏಣಿಯ ಮೇಲಿರುವಾಗಲೇ ನಾಲ್ಕು ಹೊಡೆದರೆ ಹೆಸರು ಎಷ್ಟು ಒಳ್ಳೆಯದಿದ್ದು ಏನು ಬಂತು? ಒಮ್ಮೆ ಹಾಗೇ ಆಗಿ, ಬಟ್ಟೆ ಅಂಗಡಿಯವರು ನನ್ನನ್ನು ಕೆಳಗಿಳಿಸಲಾರದೆ, ಬೀಳದಿರಲೆಂದು ಸೊಂಟಕ್ಕೊಂದು ಸೀರೆ ಸುತ್ತಿ ಕಂಬಕ್ಕೆ ಕಟ್ಟಿದ್ದರು. ಐದಕ್ಕೆ ಎಚ್ಚರವಾದಾಗ ಕೆಳಗೆ ಇಬ್ಬರು ಹೆಂಗಸರು ಆ ಸೀರೆಯ ರೇಟು ಕೇಳುತ್ತಿದ್ದರು.

ನಮ್ಮ ಊರಿನಲ್ಲಿ ಗಂಡ ಹೆಂಡತಿ ಬೇರೆಯಾದರೆ, ಮಗು ಯಾರ ಜೊತೆ ಇರುವುದಿಲ್ಲವೋ ಅವರು ಜೀವನಾಂಶ ಕೊಡಬೇಕು. ದುಡ್ಡಿನ ಮಾತಲ್ಲ. ಜೀವನದ ಅಂಶ ಎಂದರೆ ಜೀವನದ ಅಂಶವೇ, ತನ್ನ ದಿನದಿಂದ ಒಂದು ಗಂಟೆಯನ್ನು ಮಗುವಿಗೆ ಬಿಟ್ಟುಕೊಡಬೇಕು. ನಾನು ನಾಲ್ಕರಿಂದ ಐದರ ಗಂಟೆ ಕೊಟ್ಟಿದ್ದೆ. ಹಾಗಾಗಿ ನಾಲ್ಕು ಹೊಡೆದದ್ದೇ ತಡ, ಇದ್ದಲ್ಲಿಯೇ ಕಲ್ಲಾಗುತ್ತಿದ್ದೆ. ಕಣ್ಣು ತೆರೆದೇ ಇರುತ್ತಿತ್ತಂತೆ, ಉಸಿರೂ ಆಡುತ್ತಿತ್ತಂತೆ. ನನಗಂತೂ ನಾಲ್ಕರ ಮರುಕ್ಷಣವೇ ಐದು. ಆ ಗಂಟೆ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಮಗಳು ಲಿಪಿಯ ಕೋಣೆಗೆ ಹೋಗಿ ಸೇರುತ್ತಿತ್ತು. ಉಳಿದವರಿಗೆಲ್ಲ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅವಳಿಗೆ ಮಾತ್ರ ಪೂರ್ತಿ ಒಂದು ಗಂಟೆ.

ನಮ್ಮಂಥವರನ್ನು ಊರಿನವರು ‘ನಿಂತವರು’ ಎನ್ನುತ್ತಾರೆ. ನಾಲ್ಕರ ಹೊತ್ತಿನವರು ನಾವು ನಾಲ್ಕೈದು ಮಂದಿ ಬೋರಲಿಂಗನ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತೇ ನಿಲ್ಲುತ್ತಿದ್ದೆವು. ಬಿಸಿಲು ಬೆಂಚಿಗೆ ಬಂದರೆ ಯಾರಾದರೂ ಬೆಂಚು ಸಮೇತ ನಮ್ಮನ್ನು ನೆರಳಿಗೆ ಎಳೆಯುತ್ತಿದ್ದರು. ಸಂತೆಗೆ ಬಂದವರು “ಸ್ವಲ್ಪ ಹಿಡ್ಕೊಂಡಿರಣ್ಣ” ಎಂದು ನಮ್ಮ ಕೈಗೆ ಚೀಲ ನೇತುಹಾಕಿ ಹೋಗುತ್ತಿದ್ದರು. ನಾವು ಬೇಡ ಎನ್ನುವಂತಿರಲಿಲ್ಲ. ಒಂದು ಸಲ ನನಗೆ ಎಚ್ಚರವಾದಾಗ ತೊಡೆಯ ಮೇಲೆ ಯಾರದೋ ಕೂಸು ನಿದ್ದೆ ಮಾಡುತ್ತಿತ್ತು. ಊರಿನ ಕ್ಷೌರದವನಂತೂ ನಮ್ಮನ್ನು ಮೂರೂವರೆಯ ಮೇಲೆ ಕುರ್ಚಿಗೆ ಹತ್ತಿಸುತ್ತಿರಲಿಲ್ಲ.

ಬೇರೆಯಾದ ದಿನ ಹೊತ್ತಿನ ಕಚೇರಿಯ ದಸ್ತಗೀರ್ ಸಾಹೇಬರು “ಯಾವ ಹೊತ್ತು ಕೊಡ್ತೀಯಪ್ಪ? ಯೋಚ್ನೆ ಮಾಡಿ ಹೇಳು, ಆಮೇಲೆ ಬದ್ಲಾಯ್ಸಕ್ಕೆ ಬರಲ್ಲ” ಎಂದಿದ್ದರು. ನಾನು ಬಹಳ ಜಾಣನಂತೆ ನಾಲ್ಕು ಎಂದೆ. ನಾಲ್ಕರ ಹೊತ್ತಿಗೆ ಪಡುವಣ ಬಿಸಿಲು ಬೋರ್ಡಿಗೆ ಹೊಡೆದು ಪೇಂಟು ಪಳಪಳ ಎನ್ನುತ್ತದೆ, ಗೆರೆ ಸೊಟ್ಟಗಾದದ್ದು ಕಾಣುವುದೇ ಇಲ್ಲ; ಕೆಲಸಕ್ಕೆ ಬಾರದ ಹೊತ್ತು, ಹೋದರೆ ಹೋಗಲಿ ಎಂದುಕೊಂಡೆ. ಲಿಪಿಗೆ ಆಗ ಐದು ವರ್ಷ. ಸ್ಕೂಲು ಬಿಡುವುದು ನಾಲ್ಕಕ್ಕೆ ಎಂಬುದು ನನ್ನ ಜಾಣತನಕ್ಕೆ ಹೊಳೆಯಲಿಲ್ಲ. ಹೀಗಾಗಿ ಮಗಳನ್ನು ಒಂದು ದಿನವೂ ಸ್ಕೂಲಿನ ಗೇಟಿನಿಂದ ಕರೆತರಲಾಗದ ಅಪ್ಪ ನಾನಾದೆ.

ಆದರೆ ಒಂದು ಒಳ್ಳೆಯದಾಯಿತು. ಕೊಟ್ಟ ಹೊತ್ತಿನ ಗುಣ ಮಗುವಿಗೆ ಹಾಗೆಯೇ ಹೋಗುತ್ತದೆ. ಪಾತ್ರೆ ಅಂಗಡಿಯ ವಿರೂಪಣ್ಣ ನನಗಿಂತ ಜಾಣನಾಗಲು ಹೋಗಿ ನಡುರಾತ್ರಿಯ ಗಂಟೆ ಕೊಟ್ಟ. ಅವನ ಮಗ ಅದು ಕೈಗೆ ಬಂದದ್ದೇ ಪುಸ್ತಕದ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಲಿಪಿಗೆ ಸಿಕ್ಕಿದ್ದು ನಾಲ್ಕು ಗಂಟೆಯ ಬಿಸಿಲು. ಹೊರಗೆ ಕತ್ತಲಾಗಿದ್ದರೂ ಅವಳ ಕೋಣೆಯ ಕಿಟಕಿಯಲ್ಲಿ ಹಳದಿ ಬಿಸಿಲು ಬಂದು ಮೇಜಿನ ಮೇಲೆ ಕೂರುತ್ತಿತ್ತಂತೆ. ನನ್ನ ಹೆಂಡತಿ, ಅಂದರೆ ಹೆಂಡತಿಯಾಗಿದ್ದ ಪಂಕಜಾ, ಹಿಟ್ಟಿನ ಗಿರಣಿ ನಡೆಸುವ ಲೆಕ್ಕಾಚಾರದ ಹೆಂಗಸು. ಅವಳು ಆ ಬಿಸಿಲನ್ನೂ ಸುಮ್ಮನೆ ಬಿಡಲಿಲ್ಲ. ದೀಪ ಹಚ್ಚಿದ ಕೂಡಲೇ ಹಸಿ ಸಂಡಿಗೆಯ ಮೊರವನ್ನು ಮಗಳ ಕೋಣೆಯೊಳಗೆ ತಳ್ಳಿ ಬಾಗಿಲು ಹಾಕುವಳು, ಮರುಕ್ಷಣ ಬಾಗಿಲು ತೆಗೆದು ಒಣಗಿದ ಸಂಡಿಗೆ ಎತ್ತಿಕೊಳ್ಳುವಳು. ಮಳೆಗಾಲದಲ್ಲೂ ಸಂಡಿಗೆ ಮಾರುವ ಮನೆ ಊರಿಗೆಲ್ಲ ಅದೊಂದೇ ಆಗಿತ್ತು.

ಲಿಪಿ ನನ್ನ ಮನೆಗೆ ಬರುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ಇಡ್ಲಿ ತಿನ್ನುತ್ತಿದ್ದಳು, ನನ್ನ ಬ್ರಷ್ಷುಗಳನ್ನು ಜೋಡಿಸುತ್ತಿದ್ದಳು, ಮಾತು ಮಾತ್ರ ಅಳೆದು ಸುರಿದಷ್ಟೇ. ಚಿಕ್ಕವಳಿದ್ದಾಗ “ಏನ್ ಸಮಾಚಾರ ಮಗಳೇ?” ಎಂದರೆ “ಎಲ್ಲಾ ಹೇಳಿದೀನಲ್ಲಪ್ಪಾ!” ಎಂದು ನಗುತ್ತಿದ್ದಳು. ಏನೂ ಹೇಳದೆ ಎಲ್ಲಾ ಹೇಳಿದ್ದೇನೆ ಎನ್ನುವುದು ಅವಳ ಅಮ್ಮನ ಕಡೆಯವರ ಗುಣ ಎಂದುಕೊಂಡು ಸುಮ್ಮನಾಗುತ್ತಿದ್ದೆ. ದೊಡ್ಡವಳಾದ ಮೇಲೆ ಅದೂ ಹೋಗಿ, “ಏನಿಲ್ಲಪ್ಪ” ಎಂಬಲ್ಲಿಗೆ ಬಂದು ನಿಂತಿತು. ಅವಳು ಹೋದ ಮೇಲೆ ಮನೆಯಲ್ಲಿ ಬಹಳ ಬೇಸರವಾಗುತ್ತಿತ್ತು. ಮಾತಾಡದಿದ್ದರೇನು, ದಿನಾ ನನ್ನದೊಂದು ಗಂಟೆ ಅವಳ ಮೇಜಿನ ಮೇಲಿರುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

‘ಫಲಿತಾಂಶ ಬಂತು, ಜೀವನಾಂಶ ಹೋಯ್ತು’ ಎಂಬುದು ನಮ್ಮ ಊರಿನ ಗಾದೆ. ಪಿಯುಸಿ ಫಲಿತಾಂಶ ಬಂದ ಮೇಲೆ ಅಂಶ ನಿಲ್ಲುವುದು ವಾಡಿಕೆ. ಹಿಂದೆ ಹೀಗಿರಲಿಲ್ಲ, ‘ಓದು ಮುಗಿಯುವ ತನಕ’ ಎಂದಷ್ಟೇ ಇತ್ತು. ಬೆಲ್ಲದ ಅಂಗಡಿಯ ಮಗನೊಬ್ಬ ಲೆಕ್ಕದ ಒಂದೇ ಪೇಪರಿಗೆ ಕೂತು ಕೂತು ತಲೆ ನರೆಸಿದ. ಅವನ ಅಪ್ಪ ಮೊಮ್ಮಕ್ಕಳ ಮದುವೆಯ ಧಾರೆಯ ಹೊತ್ತಿನಲ್ಲೂ ಕಲ್ಲಾಗಿ ಕೂತದ್ದನ್ನು ನೋಡಿದ ಮೇಲೆ ಹಿರಿಯರು ಕಟ್ಟಳೆ ತಿದ್ದಿದರು. ಈಗ ಮಗು ಕಾಲೇಜಿಗೆ ಹೋಗುವುದಾದರೆ ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಕಚೇರಿಗೆ ಬರಬೇಕು. ಅಂಗೈಯಲ್ಲಿ ವೀಳ್ಯದೆಲೆ ಹಿಡಿದು, ಸಾಹೇಬರು ಮೇಜು ಕುಟ್ಟಿದ ಕೂಡಲೇ ಇಬ್ಬರೂ ಒಟ್ಟಿಗೆ ಹೇಳಬೇಕು, ‘ಓದು ಇದೆ’ ಎಂದೋ ‘ಓದು ಮುಗಿಯಿತು’ ಎಂದೋ. ಇಬ್ಬರ ಬಾಯಲ್ಲೂ ‘ಇದೆ’ ಬಂದರೆ ಅಂಶ ಮುಂದುವರಿಯುತ್ತದೆ. ಮಾತು ಬೇರೆಯಾದರೆ ನಿಲ್ಲುತ್ತದೆ.

ಲಿಪಿಯ ಫಲಿತಾಂಶ ಬಂದ ದಿನ ಬೋರಲಿಂಗ ನನಗಿಂತ ಮೊದಲು ಕುಣಿದ. “ಷಣ್ಮುಖಣ್ಣ, ಇನ್ನು ನೀನು ಬಿಡುಗಡೆ! ನಾಲ್ಕು ಗಂಟೆ ಮೆಣಸಿನಕಾಯಿ ಬಜ್ಜಿ ನಿನ್ನ ಬಾಯಿಗೆ ನಾನೇ ಇಡ್ತೀನಿ.” ಅವನು ಬಜ್ಜಿ ಬಾಣಲೆಗೆ ಬಿಡುವುದು ನಾಲ್ಕಕ್ಕೆ, ಐದರ ಹೊತ್ತಿಗೆ ತಟ್ಟೆಯಲ್ಲಿ ಪುಡಿಯೂ ಇರುವುದಿಲ್ಲ. ಹದಿಮೂರು ವರ್ಷ ನಾನು ಆ ಬಜ್ಜಿಯ ಪಕ್ಕದಲ್ಲೇ ಕೂತು ವಾಸನೆಯನ್ನಷ್ಟೇ ಕಂಡವನು. ಎಷ್ಟೋ ಸಲ ಎಚ್ಚರವಾದಾಗ ನನ್ನ ಅಂಗಿಯ ತೋಳಿಗೆ ಬಜ್ಜಿಯ ಎಣ್ಣೆ ಅಂಟಿರುತ್ತಿತ್ತು. ಮಡಚಿದ್ದ ಕಾಲರ್ ನೆಟ್ಟಗಾಗಿರುತ್ತಿತ್ತು, ಬೆರಳಿನ ಪೇಂಟು ಒರೆಸಿರುತ್ತಿತ್ತು. ಬೋರಲಿಂಗನದು ತಾಯಿ ಕರುಳು ಎಂದುಕೊಳ್ಳುತ್ತಿದ್ದೆ.

ಬಿಡುಗಡೆ ಎಂಬ ಮಾತು ಕೇಳಿ ಬಾಯಲ್ಲಿ ನೀರೂರಿದ್ದು ನಿಜ. ಆದರೆ ಅಷ್ಟರಲ್ಲೇ ಇನ್ನೊಂದು ಸುದ್ದಿ ಬಂತು. ಲಿಪಿಗೆ ಹೊಳೆಯಾಚೆಯ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಐದು ವರ್ಷದ ಓದು, ದಿಂಬಿನಷ್ಟು ದಪ್ಪದ ಪುಸ್ತಕಗಳು. ನನಗೆ ಬಜ್ಜಿ ಮರೆತೇ ಹೋಯಿತು. ಆ ಓದಿಗೆ ನನ್ನ ಗಂಟೆ ಬೇಕೇ ಬೇಕು ಎನ್ನಿಸಿತು. ನಿಜ ಹೇಳುತ್ತೇನೆ, ಅವಳ ಓದಿಗಿಂತ ಹೆಚ್ಚಾಗಿ ನನ್ನ ಬಗ್ಗೆಯೇ ಹೆದರಿಕೆಯಾಯಿತು. ಭಾನುವಾರದ ನಾಲ್ಕು ಮಾತಿನ ಹೊರತು ನಾನು ಅವಳಿಗೆ ಏನಾದರೂ ಆಗಿದ್ದರೆ ಅದು ಆ ಒಂದು ಗಂಟೆ. ಅದೂ ನಿಂತರೆ ನಾನು ಯಾರು, ಬೋರ್ಡು ಬರೆಯುವ ಷಣ್ಮುಖ, ಅಷ್ಟೇ.

ಮಾರನೆಯ ದಿನ ಪಂಕಜಾಳ ಗಿರಣಿಗೆ ಹೋದೆ. ಬೇರೆಯಾದ ಮೇಲೆ ಅವಳು ‘ರೀ’ ಎನ್ನುವುದನ್ನು ಬಿಟ್ಟು ‘ಷಣ್ಮುಖ ಅವರೇ’ ಎನ್ನಲು ಶುರು ಮಾಡಿದ್ದಳು. ಆ ‘ಅವರೇ’ ಬೈಗುಳಕ್ಕಿಂತ ಚುರುಕಾಗಿರುತ್ತಿತ್ತು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿದ್ದ ಅವಳು ಮೆಷಿನ್ನು ನಿಲ್ಲಿಸದೆಯೇ ಕೂಗಿ ಕೇಳಿದಳು.

“ಏನು ಷಣ್ಮುಖ ಅವರೇ, ಕಚೇರೀಲಿ ಕೈ ಎತ್ತಿಬಿಡೋ ಯೋಚನೆಯಾ? ಊರೆಲ್ಲ ನಿಮ್ಮ ಬಿಡುಗಡೆ, ಬಜ್ಜಿ ಅಂತ ಮಾತಾಡ್ತಿದಾರೆ.”

“ಓದು ಇದೆ ಅಂತಲೇ ಹೇಳ್ತೀನಿ ಪಂಕಜಾ. ಐದು ವರ್ಷ ಅಲ್ಲ, ಹತ್ತು ವರ್ಷ ಆದ್ರೂ ನಿಲ್ತೀನಿ.”

ಅವಳು ಈಗ ಮೆಷಿನ್ನು ನಿಲ್ಲಿಸಿದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು ಬಂತು ನಿಮ್ಮ ಬಾಯಿಂದ” ಎಂದು, ಒಂದು ಕಾಗದದಲ್ಲಿ ಸಂಡಿಗೆ ಕಟ್ಟಿಕೊಟ್ಟಳು. ನನ್ನದೇ ಬಿಸಿಲಿನಲ್ಲಿ ಒಣಗಿದ ಸಂಡಿಗೆಯನ್ನು ನಾನು ತಿಂದದ್ದು ಅದೇ ಮೊದಲು, ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಕಚೇರಿಯ ದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಬೋರಲಿಂಗ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಬಂದ. ಪಂಕಜಾ, ಲಿಪಿ ಮೊದಲೇ ಬಂದು ಕೂತಿದ್ದರು. ಲಿಪಿ ನನ್ನ ಮುಖ ನೋಡಲಿಲ್ಲ, ಸೀರೆಯಂಚು ಹಿಂಡುವವರ ಹಾಗೆ ಚೂಡಿದಾರದ ವೇಲನ್ನು ಹಿಂಡುತ್ತಿದ್ದಳು. ದಸ್ತಗೀರ್ ಸಾಹೇಬರಿಗೆ ವಯಸ್ಸಾಗಿದೆ, ಒಂದು ಕಿವಿ ಮಂದ. ನನ್ನ ಮತ್ತು ಲಿಪಿಯ ಅಂಗೈಗೆ ವೀಳ್ಯದೆಲೆ ಇಟ್ಟು, “ಎದುರುಬದುರು ನಿಂತ್ಕೊಳ್ಳಿ. ಮನಸ್ಸಲ್ಲಿ ಇದ್ದದ್ದೇ ಬಾಯಲ್ಲಿ ಬರ್ಲಿ” ಎಂದು ಮೇಜು ಕುಟ್ಟಿದರು.

“ಓದು ಇದೆ!” ಎಂದೆ ನಾನು, ಬೀದಿಗೆ ಕೇಳುವ ಹಾಗೆ.

“ಓದು ಮುಗೀತು” ಎಂದಳು ಲಿಪಿ.

ಸಾಹೇಬರು ಒಳ್ಳೆಯ ಕಿವಿಗೆ ಕೈ ಕೊಟ್ಟು ನಮ್ಮಿಬ್ಬರನ್ನೂ ನೋಡಿದರು. “ತಡೀರಿ, ತಡೀರಿ. ಯಾರು ಏನಂದ್ರಿ? ಮುಗೀತು ಅಂದದ್ದು ನೀನಲ್ವೇನಪ್ಪ?” ಅವರ ತಪ್ಪಲ್ಲ. ಆ ಕಚೇರಿ ಶುರುವಾದಾಗಿನಿಂದ ‘ಮುಗೀತು, ಮುಗೀತು’ ಎಂದು ಅಪ್ಪಂದಿರು ಅಂಗಲಾಚಿದ್ದನ್ನೂ ‘ಇದೆ, ಇದೆ’ ಎಂದು ಮಕ್ಕಳು ಅರಚಿದ್ದನ್ನೂ ಮಾತ್ರ ಅವರು ಕಂಡಿದ್ದರು. ಮತ್ತೊಮ್ಮೆ ಹೇಳಿಸಿದರು. ಮತ್ತೆ ಅದೇ ಬಂತು. ಪಂಕಜಾ ಎದ್ದು ನಿಂತಳು. “ಲೇ ಹುಡುಗಿ, ತಲೆ ನೆಟ್ಟಗಿದೆಯೇನೇ? ಕೊಡೋರು ಕೊಡ್ತೀನಿ ಅಂತ ನಿಂತಿದಾರೆ, ನಿಂಗೇನು ಬಂತು ರೋಗ!”

ನನ್ನದು ಅಂತ ಅವಳಿಗೆ ಏನೂ ಬೇಡವಾಯಿತೇ ಎಂದು ಎದೆ ಧಸಕ್ಕೆಂದಿತು. “ಯಾಕೆ ಮಗಳೇ, ನನ್ನ ಗಂಟೆ ಸಾಲಲಿಲ್ವಾ?” ಎಂದೆ.

ಲಿಪಿ ಆಗ ತಲೆ ಎತ್ತಿದಳು. “ಅಪ್ಪ, ನಿಂಗೆ ಗೊತ್ತಿಲ್ಲ. ಒಂದನೇ ಕ್ಲಾಸಿಂದ ದಿನಾ ಸ್ಕೂಲು ಬಿಟ್ಟ ಮೇಲೆ ನಾನು ಬರ್ತಿದ್ದದ್ದು ನಿನ್ನ ಬೆಂಚಿಗೇ. ನಿನ್ನ ಪಕ್ಕ ಕೂತು ಬಜ್ಜಿ ತಿಂತಾ ಎಲ್ಲಾ ಹೇಳ್ತಿದ್ದೆ. ಟೀಚರ್ ಬೈದದ್ದು, ಅಮ್ಮ ಹೊಡ್ದದ್ದು, ಎಲ್ಲಾ. ಅಮ್ಮ ಹುಡುಕ್ತಾಳೆ ಅಂತ ಐದು ಹೊಡೆಯೋದ್ರೊಳಗೆ ಮನೆಗೆ ಓಡ್ತಿದ್ದೆ. ಚಿಕ್ಕೋಳಿದ್ದಾಗ ನಿಂಗೆ ಕೇಳಿಸುತ್ತೆ ಅಂದ್ಕೊಂಡಿದ್ದೆ. ಕಣ್ಣು ಬಿಟ್ಕೊಂಡೇ ಇರ್ತಿದ್ದೆಯಲ್ಲ. ಆರನೇ ಕ್ಲಾಸಲ್ಲಿ ಬಿದ್ದು ಹಲ್ಲು ಮುರ್ಕೊಂಡೆ ನೋಡು, ಅವತ್ತು ನಿನ್ನ ತೊಡೆ ಮೇಲೆ ತಲೆ ಇಟ್ಟು ಅತ್ತಿದ್ದೆ. ಭಾನುವಾರ ಬಂದ್ರೆ ನೀನು ‘ಹಲ್ಲಿಗೇನಾಯ್ತು ಮಗಳೇ’ ಅಂತ ಕೇಳ್ದೆ. ಅವತ್ತು ಗೊತ್ತಾಯ್ತು.”

ದಸ್ತಗೀರ್ ಸಾಹೇಬರು ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿ ಮುಂದಕ್ಕೆ ಬಾಗಿದರು.

“ಆದ್ರೂ ಬರ್ತಿದ್ದೆ” ಎಂದಳು. “ಬೈಯದೆ ಕೇಳೋರು ಬೇರೆ ಯಾರಿದ್ರು?”

“ಸ್ಪೆಷಲ್ ಕ್ಲಾಸು ಅಂತಿದ್ದೆಯಲ್ಲೇ ಕಳ್ಳಿ!” ಎಂದಳು ಪಂಕಜಾ. ಆದರೆ ಅವಳ ದನಿಯಲ್ಲಿ ಜೋರಿರಲಿಲ್ಲ, ಕೂತುಬಿಟ್ಟಳು. ನಾನು ತಿರುಗಿ ಬೋರಲಿಂಗನನ್ನು ನೋಡಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ, “ಅಮ್ಮಂಗೆ ಗೊತ್ತಾಗುತ್ತೆ, ಯಾರಿಗೂ ಹೇಳ್ಬೇಡ ಅಂತ ಮಗಾ ಆಣೆ ಹಾಕ್ಸಿತ್ತು ಕಣಣ್ಣ. ನಿನ್ನ ಕಾಲರ್ ಸರಿ ಮಾಡೋದು, ಕೈ ಒರ್ಸೋದು ಎಲ್ಲಾ ಅದೇಯ. ನೀನು ನಂಗೆ ಥ್ಯಾಂಕ್ಸ್ ಹೇಳ್ದಾಗೆಲ್ಲ ಬಾಣಲೆ ಕಡೆ ತಿರುಗ್ಬಿಡ್ತಿದ್ದೆ” ಎಂದ. ಬೀದಿಯವರೆಲ್ಲ ದಿನಾ ನೋಡುತ್ತಿದ್ದರಂತೆ. ನನಗೆ ಗೊತ್ತೇ ಇರುತ್ತದೆ ಎಂದುಕೊಂಡು ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದೆ ಇದ್ದವರು ಊರಿಗೆಲ್ಲ ಆ ಬೆಂಚಿನ ಮೇಲೆ ಕಲ್ಲಾಗಿ ಕೂತಿದ್ದ ನಾವು ನಾಲ್ಕೈದು ಜನ, ಮತ್ತು ಮೆಷಿನ್ನಿನ ಸದ್ದಿನಲ್ಲಿ ಲೋಕ ಮರೆಯುವ ಪಂಕಜಾ.

ಲಿಪಿ ಸಾಹೇಬರ ಕಡೆ ತಿರುಗಿದಳು. “ಕಾಲೇಜಿಗೆ ಹೋಗೇ ಹೋಗ್ತೀನಿ ಸಾಹೇಬ್ರೆ. ರಾತ್ರಿ ಓದಕ್ಕೆ ಮನೇಲಿ ಬಲ್ಬ್ ಇದೆ. ಕಾಲೇಜಿನ ದೋಣಿ ಈ ದಡಕ್ಕೆ ಬರೋದೂ ನಾಲ್ಕಕ್ಕೇ. ಇಷ್ಟು ದಿನ ಅಪ್ಪನ ಅಂಶ ತಗೊಂಡೆ, ಇನ್ನು ಅಪ್ಪನ್ನ ಕೊಡಿ.”

ನಾನು ಅತ್ತೆ. ಇಸ್ತ್ರಿ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡು ಮತ್ತೂ ಅತ್ತೆ. ಇಷ್ಟು ಸಂತೋಷ ಒಟ್ಟಿಗೆ ಬಂದರೆ ಮನುಷ್ಯ ಬೇರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ದಸ್ತಗೀರ್ ಸಾಹೇಬರು ಇಬ್ಬರ ಕೈಯಿಂದಲೂ ಎಲೆ ತೆಗೆದುಕೊಂಡು, “ಮಾತು ಬೇರೆ ಬೇರೆ ಆಯ್ತು. ಕಟ್ಟಳೆ ಪ್ರಕಾರ ಅಂಶ ನಿಂತ್ಹೋಯ್ತು. ಕಾಲೇಜು ಶುರುವಾಗೋ ದಿನದಿಂದ ನಿನ್ನ ಗಂಟೆ ನಿಂಗೆ ಷಣ್ಮುಖ” ಎಂದರು. ಆಮೇಲೆ ಆ ಎರಡೂ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ತಾವೇ ಬಾಯಿಗೆ ಹಾಕಿಕೊಂಡರು.

ಕಾಲೇಜು ಶುರುವಾದ ದಿನ ಮೂರೂಮುಕ್ಕಾಲಿಗೆ ಬೋರಲಿಂಗನ ಕೂಗು ಕೇಳಿ ಅಭ್ಯಾಸಬಲದಿಂದ ಏಣಿ ಇಳಿದು ಓಡಿದೆ. ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡೆ. ನಾಲ್ಕು ಹೊಡೆಯಿತು. ಪಕ್ಕದಲ್ಲಿದ್ದ, ನನ್ನ ಹಾಗೇ ನಾಲ್ಕರ ಗಂಟೆ ಕೊಟ್ಟಿದ್ದ ವಿರೂಪಣ್ಣನ ತಮ್ಮ ಮಾತಿನ ನಡುವೆ ಬಾಯಿ ತೆರೆದೇ ಕಲ್ಲಾದ. ನಾನು ಮಾತ್ರ ಕಲ್ಲಾಗಲಿಲ್ಲ. ನಾಲ್ಕು ಗಂಟೆಯ ಊರು ಹೀಗಿರುತ್ತದೆಂದು ನನಗೆ ಮರೆತೇ ಹೋಗಿತ್ತು. ಸ್ಕೂಲಿನ ಗಂಟೆ ಬಾರಿಸಿದ್ದು, ಮಕ್ಕಳು ಹೋ ಎಂದು ಬೀದಿಗೆ ನುಗ್ಗಿದ್ದು, ಬಜ್ಜಿ ಎಣ್ಣೆಗೆ ಬಿದ್ದು ಚುಂಯ್ ಎಂದದ್ದು, ಎಲ್ಲವನ್ನೂ ಹೊಸ ಅಳಿಯನ ಹಾಗೆ ಕಣ್ಣರಳಿಸಿ ನೋಡಿದೆ. ವಿರೂಪಣ್ಣನ ತಮ್ಮನ ಬಾಯಿ ಮುಚ್ಚಿಸಿ ಕಾಲರ್ ಸರಿ ಮಾಡಿದೆ. ಬೋರಲಿಂಗ ಹೇಳಿದ ಮಾತಿನಂತೆ ಮೊದಲ ಬಜ್ಜಿಯನ್ನು ನನ್ನ ಬಾಯಿಗೇ ಇಟ್ಟ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಪಂಕಜಾ ಮೊರ ಹೊತ್ತು ಬಂದಳು. ಇವತ್ತಿನಿಂದ ಮಗಳ ಕೋಣೆಗೆ ಸಂಜೆಯ ಬಿಸಿಲಿಲ್ಲ, ಅವಳ ಸಂಡಿಗೆ ವ್ಯಾಪಾರಕ್ಕೆ ಪೆಟ್ಟು. “ಬಿಸಿಲು ನಿಮ್ಮದೇ ತಾನೇ, ಒಣಗಿಸಿಕೊಡಿ. ಕಾಗೆ ಬರದ ಹಾಗೆ ನೋಡ್ಕೊಳ್ರೀ” ಎಂದು ಮೊರವನ್ನು ನನ್ನ ತೊಡೆಯ ಮೇಲಿಟ್ಟು ತಿರುಗಿ ನೋಡದೆ ಹೋದಳು. ಹದಿಮೂರು ವರ್ಷದ ಮೇಲೆ ಬಂದ ಆ ‘ರೀ’ ಬಾಯಿ ತಪ್ಪಿ ಬಂದದ್ದೋ ಏನೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ದೋಣಿ ಇಳಿದವರ ನಡುವೆ ಲಿಪಿ ಓಡುತ್ತಲೇ ಬಂದಳು. ಬ್ಯಾಗು ಇಳಿಸುವುದಕ್ಕೆ ಮೊದಲೇ ಮಾತು ಶುರುವಾಯಿತು. ಮೊದಲ ದಿನವೇ ಹಸುವೊಂದು ಒದೆಯಿತಂತೆ, ಜೊತೆಯ ಹುಡುಗ ಸಗಣಿಯಲ್ಲಿ ಜಾರಿದನಂತೆ. ನನ್ನ ಮಗಳು ಇಷ್ಟು ಮಾತಾಡುತ್ತಾಳೆಂದು ನನಗೆ ಅವತ್ತೇ ಗೊತ್ತಾದದ್ದು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ ಇರುತ್ತವೆ ಎಂದಳು. “ನಾಲ್ಕು ಕೋಣೆಯಾ! ಹಂಗಾದ್ರೆ ನನಗಿಂತ ಅನುಕೂಲಸ್ಥ ಹಸು” ಎಂದೆ. ಅವಳು ಬಜ್ಜಿ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ದಿಟ್ಟಿಸಿದಳು. ಅವಳ ಮಾತಿಗೆ ಆ ಬೆಂಚಿನ ಮೇಲೆ ಉತ್ತರ ಬಂದದ್ದು ಅದೇ ಮೊದಲು. ಆಮೇಲೆ ಇಬ್ಬರೂ ನಕ್ಕದ್ದಕ್ಕೆ ಬೀದಿಯ ನಾಯಿ ಎದ್ದು ಆಚೆ ಹೋಯಿತು.

ಮಾತು ಮುಗಿದ ಮೇಲೆ ಅವಳು ದಿಂಬಿನಂಥ ಪುಸ್ತಕ ತೆಗೆದು ನನ್ನ ಭುಜಕ್ಕೆ ಒರಗಿ ಓದಲು ಕೂತಳು. ನಾಲ್ಕು ಗಂಟೆಯ ಬಿಸಿಲು ಹಾಳೆಯ ಮೇಲೆ ಬಿದ್ದಿತ್ತು. ಹೊಳೆಯ ಗಾಳಿಗೆ ಹಾಳೆ ಹಾರುತ್ತಿತ್ತು, ನಾನು ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದೆ. ತೊಡೆಯ ಮೇಲೆ ಸಂಡಿಗೆ, ಭುಜದ ಮೇಲೆ ಮಗಳು, ಇನ್ನೊಂದು ಕೈಯಲ್ಲಿ ಆರುತ್ತಿದ್ದ ಬಜ್ಜಿ. ಅಲ್ಲಾಡಿದರೆ ಅವಳ ಓದು ಕೆಡುತ್ತದೆಂದು ಉಸಿರನ್ನೂ ಮೆಲ್ಲಗೆ ಬಿಡುತ್ತಾ ಕೂತೆ. ಒಂದು ಕಾಗೆ ಬಂದಾಗ ಕಣ್ಣು ಕೆಕ್ಕರಿಸಿಯೇ ಓಡಿಸಿದೆ.

ಬೋರಲಿಂಗ ಜಾಲರಿ ಸೌಟು ಹಿಡಿದು ಹ್ಹೆ ಹ್ಹೆ ಎಂದು ನಕ್ಕ. “ಏನ್ ಷಣ್ಮುಖಣ್ಣ, ಅಂಶ ನಿಂತೋಯ್ತು ಅಂದ್ರು, ನೀನೇನು ಇನ್ನೂ ಕಲ್ಲಾಗೇ ಇದೀಯ?”

ಸುಮ್ಮನಿರು ಎಂದು ಅವನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಲಿಪಿ ಪುಸ್ತಕದಿಂದ ತಲೆ ಎತ್ತದೆಯೇ, ಹಳೆಯ ಅನುಮಾನದಿಂದ, ಮೆಲ್ಲಗೆ ಕೇಳಿದಳು: “ಅಪ್ಪ, ಇದೀಯಾ?”

“ಹ್ಞೂಂ” ಎಂದೆ.